ಬಟ್ಟಲಿಗೆ ತಗುಲಿದ ಮೈಲಿಗೆ

ಮೊನ್ನೆ ಚಿತ್ರದುರ್ಗದಲ್ಲಿ ಹಳೆಯ ವಸ್ತುಗಳ ಪ್ರದರ್ಶನವೊಂದು ನಡೆಯಿತು. ನಮ್ಮ ಮನೆಯ, ಹೊತ್ತು ಅಳೆಯುವ ಗಳಿಗೆ ಬಟ್ಟಲು ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಬಟ್ಟೆಯ ಮೇಲೆ ಕೂತಿತ್ತು. ನನ್ನ ತಮ್ಮ ಅದನ್ನು ಕೊಟ್ಟಿದ್ದ. ಬಟ್ಟಲಿನ ಮನೆಯವರು ಅಂತ ನಮ್ಮಿಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಮೈಕ್ ಹಿಡಿದ ಹುಡುಗನೊಬ್ಬ, ನಮ್ಮ ಹಿರಿಯರಲ್ಲಿ ಧರ್ಮ ಬೇರೆ ವಿಜ್ಞಾನ ಬೇರೆ ಆಗಿರಲಿಲ್ಲ, ಎರಡೂ ಒಂದೇ ತಾಯಿಯ ಮಕ್ಕಳಂತೆ ಬಾಳಿದವು, ಈ ಬಟ್ಟಲೇ ಅದಕ್ಕೆ ಸಾಕ್ಷಿ ಎಂದ. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ಹೊರಗೆ ಬಂದುಬಿಟ್ಟೆ. ಹಿಂದೆಯೇ ಬಂದ ತಮ್ಮ, ಅಲ್ಲಕ್ಕಾ, ಅಷ್ಟು ಜನರ ಮುಂದೆ ಅಜ್ಜನ ಮರ್ಯಾದೆ ತೆಗೆದೆಯಲ್ಲ ಎಂದು ಮುಖ ಊದಿಸಿದ. ಅಜ್ಜನ ಮರ್ಯಾದೆಯಂತೆ! ಅದನ್ನು ಉಳಿಸುವುದಕ್ಕೆ ನಾನು ಏನು ತೆತ್ತೆ ಎಂಬುದು ಅವನಿಗೇನು ಗೊತ್ತು, ಆಗ ಅವನು ತೊಟ್ಟಿಲಲ್ಲಿದ್ದ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೇ ಹೆಚ್ಚಾಯಿತು. ಈಗ ಹೇಳುತ್ತೇನೆ.

ಬಾಗೂರಿನ ಪಕ್ಕದ ಒಂದು ಹಳ್ಳಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆ ಮನೆ. ಬಾಗಿಲು ದಾಟಿದರೆ ಎಡಕ್ಕೆ ಕುರಿ ರೊಪ್ಪ, ಬಲಕ್ಕೆ ಕಂಬಳಿ ರಾಶಿ ಹಾಕಿದ ಪಡಸಾಲೆ, ಅದರಾಚೆ ನಡುಮನೆ, ಮೂಲೆಯಲ್ಲಿ ಒಲೆ. ಕುರಿಯ ವಾಸನೆ ಮುದ್ದೆಗೂ ಹತ್ತುತ್ತದೆ ಎಂದು ಬಂದ ನೆಂಟರು ಮೂಗು ಮುರಿಯುತ್ತಿದ್ದರು. ನಮಗೆ ಆ ವಾಸನೆ ಇಲ್ಲದಿದ್ದರೆ ಉಂಡಂತೆಯೇ ಆಗುತ್ತಿರಲಿಲ್ಲ. ಅಪ್ಪ ವರ್ಷದಲ್ಲಿ ಆರು ತಿಂಗಳು ಕುರಿ ಹಿಂಡು ಹೊಡೆದುಕೊಂಡು ಭದ್ರಾ ಕಾಲುವೆಯ ಗದ್ದೆಗಳ ಕಡೆ ಹೋಗಿಬಿಡುತ್ತಿದ್ದ. ಮನೆಯಲ್ಲಿ ಉಳಿಯುತ್ತಿದ್ದವರು ಅಜ್ಜ, ಅವ್ವ, ನಾನು, ತೊಟ್ಟಿಲ ಕೂಸು. ನಡುಮನೆಯ ಗೋಡೆಯಲ್ಲಿ ಎರಡು ಗೂಡುಗಳಿದ್ದವು. ಒಂದರಲ್ಲಿ ದೇವರು, ಇನ್ನೊಂದರಲ್ಲಿ ಬಟ್ಟಲು. ದೀಪ ಎರಡಕ್ಕೂ ಹಚ್ಚುತ್ತಿದ್ದೆವು. ಕುರಿ ಕಾಯುವವರ ಮನೆಗೆ ಆ ಬಟ್ಟಲು ಹೇಗೆ ಬಂತೋ ಯಾರಿಗೂ ಗೊತ್ತಿರಲಿಲ್ಲ. ಆದರೆ ಸುತ್ತಿನ ಹಳ್ಳಿಗಳಲ್ಲಿ ಯಾವ ಜಾತಿಯವರ ಮದುವೆಯಾದರೂ ಮುಹೂರ್ತಕ್ಕೆ ನಮ್ಮಜ್ಜನೇ ಹೋಗಿ ಬಟ್ಟಲು ಬಿಡಬೇಕಿತ್ತು. ಅಂಗೈಯಗಲದ ತಾಮ್ರದ ಬಟ್ಟಲು, ತಳದಲ್ಲಿ ಸೂಜಿಮೊನೆಯಷ್ಟು ತೂತು. ಹಂಡೆಯ ನೀರಿನ ಮೇಲೆ ತೇಲಬಿಟ್ಟರೆ ತೂತಿನಿಂದ ನೀರು ಏರಿ, ಅಂಚಿನವರೆಗೆ ತುಂಬಿ, ಗುಳುಂ ಎಂದು ಮುಳುಗುತ್ತದೆ. ಅಷ್ಟು ಹೊತ್ತು ಒಂದು ಗಳಿಗೆ, ಗಡಿಯಾರದ ಲೆಕ್ಕದಲ್ಲಿ ಇಪ್ಪತ್ತನಾಲ್ಕು ನಿಮಿಷ. ಸೂರ್ಯ ಹುಟ್ಟಿ ಇಷ್ಟು ಗಳಿಗೆಗೆ ಲಗ್ನ ಎಂದು ಪಂಚಾಂಗದವರು ಹೇಳಿದರೆ, ಸೂರ್ಯ ಕಂಡ ಕ್ಷಣ ಅಜ್ಜ ಬಟ್ಟಲು ಬಿಟ್ಟು, ಮುಳುಗಿದ ಹಾಗೆಲ್ಲ ಎತ್ತಿ ಮತ್ತೆ ಬಿಡುತ್ತ ಲೆಕ್ಕ ಹಿಡಿಯುತ್ತಿದ್ದ.

ಅದಕ್ಕೆ ಅಜ್ಜನ ಕಟ್ಟುಪಾಡುಗಳು ಒಂದೆರಡಲ್ಲ. ಬೆಳಗಿನ ಮೊದಲ ಕೊಡದ ನೀರೇ ಆಗಬೇಕು. ಬಟ್ಟಲು ಬಿಡುವವರು ಹಂಡೆಯ ಮುಂದೆ ಮಾತಾಡಬಾರದು. ಮುಟ್ಟಾದವರ ನೆರಳು ಬೀಳಬಾರದು. ಎಲ್ಲಕ್ಕಿಂತ ದೊಡ್ಡದು, ಬಟ್ಟಲನ್ನು ಹುಣಸೇಹಣ್ಣು, ಬೂದಿ ಯಾವುದರಿಂದಲೂ ತಿಕ್ಕಬಾರದು, ನೀರಿನಲ್ಲಿ ಜಾಲಾಡಿ ಗೂಡಿಗಿಡಬೇಕು. ಯಾಕಜ್ಜ ಎಂದರೆ, ತಿಕ್ಕಿದರೆ ಗಂಗಮ್ಮ ಮುನಿಸಿಕೊಳ್ಳುತ್ತಾಳೆ ಎನ್ನುತ್ತಿದ್ದ. ಕಾಲೇಜೊಂದರ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದೇ ತಲೆ ಬೆಳ್ಳಗೆ ಮಾಡಿಕೊಂಡವಳು ನಾನು. ಆ ಕಟ್ಟುಪಾಡಿನಲ್ಲಿ ಎಂಥ ಬುದ್ಧಿಯಿತ್ತು ಎಂದು ಈಗ ಬಲ್ಲೆ. ದಿನಾ ತಿಕ್ಕಿದರೆ ತಾಮ್ರ ಸವೆದು ತೂತು ದೊಡ್ಡದಾಗುತ್ತದೆ, ಗಳಿಗೆ ಚಿಕ್ಕದಾಗುತ್ತದೆ. ಅದನ್ನು ಯಾವನೋ ಪುಣ್ಯಾತ್ಮ ಕಂಡುಕೊಂಡು, ಜನ ಮರೆಯದಿರಲಿ ಅಂತ ಗಂಗಮ್ಮನ ಹೆಸರು ಹಾಕಿದ. ಅಲ್ಲಿಯವರೆಗೆ ಆ ಮೈಕ್ ಹುಡುಗ ಹೇಳಿದ್ದು ಸರಿಯೇ.

ಏಳನೇ ತರಗತಿಗೆ ಬರುವ ಹೊತ್ತಿಗೆ ನಾನು ಬಟ್ಟಲು ಬಿಡುವುದನ್ನು ಕಲಿತಿದ್ದೆ. ಹೆಣ್ಣುಮಕ್ಕಳು ಬಿಡುವ ಪದ್ಧತಿ ಇರಲಿಲ್ಲ, ಆದರೆ ಅಜ್ಜನಿಗೆ ಕಣ್ಣು ಮಂಜಾಗುತ್ತಿತ್ತು, ಮುಳುಗುವ ಮುಂಚಿನ ಆ ಅಂಚಿನ ನಡುಕ ಅವನಿಗೆ ಕಾಣುತ್ತಿರಲಿಲ್ಲ. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ದಿನಾ ಬೆಳಿಗ್ಗೆ ಅಭ್ಯಾಸ ಮಾಡಿಸುತ್ತಿದ್ದ. ಅಳತೆ ಎಂದರೆ ಏನು ಎಂಬುದನ್ನು ನನಗೆ ಕಲಿಸಿದವನು ಅವನೇ. ರೆಪ್ಪೆ ಬಡಿಯಬೇಡ, ಅಂದಾಜು ಹೇಳಬೇಡ, ಕಂಡದ್ದನ್ನಷ್ಟೇ ಹೇಳು ಎನ್ನುತ್ತಿದ್ದ. ಅವನನ್ನು ನಾನು ಎಷ್ಟು ನಂಬಿದ್ದೆ ಎಂದರೆ, ಅವ್ವ ಬೈದರೆ ಅಳುತ್ತಿದ್ದೆ, ಅಜ್ಜ ಬೈದರೆ ತಪ್ಪು ನನ್ನದೇ ಇರಬೇಕು ಎಂದುಕೊಳ್ಳುತ್ತಿದ್ದೆ.

ನಮ್ಮೂರ ಶಾಲೆ ಏಳನೆಯದಕ್ಕೆ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ಚಿತ್ರದುರ್ಗದ ವಸತಿ ಶಾಲೆಯೊಂದರ ಪ್ರವೇಶ ಪರೀಕ್ಷೆ ಬರೆಯಬೇಕು. ಅದು ಒಂದೇ ಸಲ, ಏಳನೆಯ ತರಗತಿಯಲ್ಲಿದ್ದಾಗ ಮಾತ್ರ. ವಿಜ್ಞಾನದ ಮೇಷ್ಟ್ರು ನನ್ನ ಅರ್ಜಿ ತುಂಬಿದ್ದರು. ಅವ್ವ ಹೆಣ್ಣುಹುಡುಗಿಯನ್ನು ಊರು ಬಿಟ್ಟು ಕಳಿಸುವುದಿಲ್ಲ ಎಂದು ಹಟ ಹಿಡಿದಾಗ, ಅವಳ ಬಾಯಿ ಮುಚ್ಚಿಸಿದವನು ಅಜ್ಜ.

"ಸಿದ್ದಿ ಓದ್ಲಿ ಬಿಡು. ನಾನೇ ಕರ್ಕಂಡ್ ಹೋಗಿ ಬರಿಸ್ಕಂಡ್ ಬರ್ತೀನಿ. ಈ ಹುಡುಗಿ ಕಣ್ಣು ಅಂಥಿಂಥ ಕಣ್ಣಲ್ಲ."

ಆ ಮಾತು ಕೇಳಿ ನಾನು ರೊಪ್ಪಕ್ಕೆ ಹೋಗಿ ಮರಿಯೊಂದನ್ನು ಅಪ್ಪಿಕೊಂಡು ಕುಣಿದಿದ್ದೆ. ಪರೀಕ್ಷೆಗೆ ಇನ್ನೂ ತಿಂಗಳಿತ್ತು.

ಆ ವರ್ಷವೇ ಊರ ಬಾವಿ ಬತ್ತಿ, ಅಗಸೆಬಾಗಿಲ ಹತ್ತಿರ ಬೋರ್‌ವೆಲ್ ಕೊರೆದು ಕೈಪಂಪು ಕೂರಿಸಿದ್ದರು. ಪಂಪಿನ ಕಬ್ಬಿಣದ ಕೈಗೆ ಹೆಂಗಸರು ಬಳೆ ತೊಡಿಸಿದರು, ಅರಿಶಿನ ಕುಂಕುಮ ಹಚ್ಚಿದರು, ಅಜ್ಜ ಕಾಯಿ ಒಡೆದ. ನೀರು ಬೇಕಾದಷ್ಟು ಬಂತು, ಆದರೆ ಸುಣ್ಣದ ನೀರು. ಕೊಡದ ಒಳಗೆಲ್ಲ ಬಿಳಿ ಪಕ್ಕು ಕಟ್ಟುತ್ತಿತ್ತು. ಬೇಳೆ ಎಷ್ಟು ಕುದಿಸಿದರೂ ಬೇಯುತ್ತಿರಲಿಲ್ಲ, ಹುರುಳಿಕಾಳು ಕಲ್ಲಾಗಿಯೇ ಉಳಿಯುತ್ತಿತ್ತು. ಅವ್ವ ದಿನಾ ಒಲೆಯ ಮುಂದೆ ಕೂತು ಆ ನೀರಿಗೆ ಶಾಪ ಹಾಕುತ್ತಿದ್ದಳು. ಗಂಗಮ್ಮನನ್ನು ಬೈಯಬೇಡ ಎಂದು ಅಜ್ಜ ಅವಳ ಮೇಲೆ ಹರಿಹಾಯುತ್ತಿದ್ದ. ಊಟದ ಹೊತ್ತಿನ ಜಗಳವೆಲ್ಲ ಆ ನೀರಿನದೇ. ಮೇಷ್ಟ್ರು ಪಾಠದಲ್ಲಿ ಇದಕ್ಕೆ ಗಡಸು ನೀರು ಎನ್ನುತ್ತಾರೆ, ಒಣಗಿದಲ್ಲಿ ಸುಣ್ಣ ನಿಲ್ಲುತ್ತದೆ, ಹುಳಿ ಹಾಕಿದರೆ ಕರಗುತ್ತದೆ ಎಂದಿದ್ದರು. ನನಗೆ ಆಗ ಏನೂ ಹೊಳೆಯಲಿಲ್ಲ. ಬೆಳಗಿನ ಮೊದಲ ಕೊಡ ಅದೇ ಪಂಪಿನಿಂದ ಬರುತ್ತಿತ್ತು, ಬಟ್ಟಲು ದಿನಾ ಅದೇ ನೀರಿನಲ್ಲಿ ಮುಳುಗುತ್ತಿತ್ತು, ತಿಕ್ಕಿಸಿಕೊಳ್ಳದೆ ಗೂಡಿನಲ್ಲಿ ಒಣಗುತ್ತಿತ್ತು.

ಒಂದು ದಿನ ಬೆಳಿಗ್ಗೆ ಆಟಕ್ಕೆಂದು, ರೇಡಿಯೋ ಆರು ಗಂಟೆಯ ಪೀಂ ಹೊಡೆದ ಕೂಡಲೇ ಬಟ್ಟಲು ಬಿಟ್ಟೆ. ಎರಡು ತಾಸಿಗೆ ಐದು ಗಳಿಗೆ, ಎಂಟರ ಪೀಂ ಬರುವಾಗ ಐದನೆಯ ಸಲ ಮುಳುಗಬೇಕು. ನಾಲ್ಕು ಸಲ ಮುಳುಗಿತು. ಐದನೆಯದರಲ್ಲಿ ಕಾಲು ಭಾಗ ನೀರೂ ಏರಿರಲಿಲ್ಲ, ರೇಡಿಯೋ ಎಂಟು ಎಂದಿತು. ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದರೆ ತೂತಿನ ಸುತ್ತ ಬಿಳಿ ಉಂಗುರ, ತೂತು ಕಿರಿದಾಗಿತ್ತು. ಓಡಿ ಹೋಗಿ ಅಜ್ಜನಿಗೆ ಹೇಳಿದೆ. ಅವನು ನಂಬಲಿಲ್ಲ. ಮರುದಿನ ತಾನೇ ರೇಡಿಯೋ ಪಕ್ಕಕ್ಕಿಟ್ಟುಕೊಂಡು ಕೂತ. ಎಂಟಾದಾಗ ಬಟ್ಟಲು ಇನ್ನೂ ಹಾಯಾಗಿ ತೇಲುತ್ತಿತ್ತು.

"ಅಜ್ಜ, ಹುಣಸೆಹುಳಿಯಾಗೆ ಒಂದಿನ ನೆನೆ ಹಾಕಿದ್ರೆ ಸುಣ್ಣ ಬಿಡ್ತೈತೆ. ತಿಕ್ಕೋದೇ ಬ್ಯಾಡ. ಮೇಷ್ಟ್ರು ಹೇಳ್ಯಾರೆ," ಎಂದೆ.

"ಹುಳಿ ಮುಟ್ಟಿಸಬಾರ್ದವ್ವ ಅದಕ್ಕೆ. ನಮ್ಮಪ್ಪನ ಕಾಲ್ದಿಂದ ಮುಟ್ಟಿಸಿಲ್ಲ."

"ಮತ್ತೆ ಗೌಡ್ರ ಮಗಳ ಮದುವೆಗೆ ಏನ್ ಮಾಡ್ತೀಯ?"

"ನೋಡಾಣ ಬಿಡು. ನೀನು ಯಾರ ಮುಂದೂ ಬಾಯಿ ಬಿಡಬ್ಯಾಡ. ನನ್ನಾಣೆ ಐತೆ."

ನಾನು ಬಾಯಿ ಬಿಡಲಿಲ್ಲ. ಅಜ್ಜ ಏನೋ ಉಪಾಯ ಮಾಡಿಯೇ ಮಾಡುತ್ತಾನೆ ಎಂದು ನಂಬಿದ್ದೆ. ಅವನು ಮಾಡಿದ ಉಪಾಯವೆಂದರೆ ದಿನಾ ಬಟ್ಟಲಿಗೆ ಒಂದು ಹೂವು ಹೆಚ್ಚಿಗೆ ಇಟ್ಟದ್ದು.

ಗೌಡರ ಮಗಳ ಮದುವೆ ಬುಧವಾರ, ನನ್ನ ಪರೀಕ್ಷೆ ಅದಾಗಿ ನಾಲ್ಕು ದಿನಕ್ಕೆ, ಭಾನುವಾರ. ಗಂಡಿನವರು ಹಿರಿಯೂರು ಕಡೆಯ ಜವನಗೊಂಡನಹಳ್ಳಿಯವರು. ಸೂರ್ಯ ಹುಟ್ಟಿ ಏಳು ಗಳಿಗೆಗೆ ಲಗ್ನ. ಚಪ್ಪರದ ಮೂಲೆಯಲ್ಲಿ ಹಂಡೆ ಇಟ್ಟು ಅಜ್ಜ ಕೂತ, ಪಕ್ಕದಲ್ಲಿ ನಾನು. ಮೂರು ಗಳಿಗೆ ಆಯಿತು, ನಾಲ್ಕು ಆಯಿತು. ಅಜ್ಜನ ಮುಖ ನೋಡಿದೆ, ಅವನು ಹಂಡೆ ಬಿಟ್ಟು ಕಣ್ಣೆತ್ತಲಿಲ್ಲ. ಆರನೆಯದು ತೇಲುತ್ತಿರುವಾಗ ಮದುಮಗನ ಸೋದರಮಾವ ಎದ್ದು ನಿಂತ. ಕೈಯಲ್ಲಿ ಗಡಿಯಾರವಿತ್ತು.

"ಏನ್ರಿ ಇದು, ನಮ್ ಲೆಕ್ಕದಾಗೆ ಲಗ್ನ ಮೀರ್ತಾ ಐತೆ. ತಾಳಿ ಕಟ್ಟಿಸ್ರಿ!"

"ನಮ್ಮೂರಾಗೆ ಬಟ್ಟಲೇ ಲೆಕ್ಕ. ಕುಂತ್ಕಳ್ರಿ," ಎಂದರು ಗೌಡರು.

ಹೀಗೆ ಎರಡು ಕಡೆಯವರೂ ಬಿಗಿದುಕೊಂಡೇ ಕಾದರು. ಏಳನೆಯ ಸಲ ಬಟ್ಟಲು ಮುಳುಗಿದಾಗ ಓಲಗ ಎದ್ದಿತು, ಕೊರಳಿಗೆ ತಾಳಿ ಬಿತ್ತು. ಅಕ್ಷತೆ ಇನ್ನೂ ನೆಲ ಮುಟ್ಟಿರಲಿಲ್ಲ, ಜಗಳ ಶುರುವಾಯಿತು. ಅರ್ಧ ತಾಸು ಹತ್ತಿರ ಮೀರಿ ಹೋಗಿದೆ, ಕೆಟ್ಟ ಗಳಿಗೆಯಲ್ಲಿ ಕಟ್ಟಿಸಿದಿರಿ, ನಮ್ಮ ಹುಡುಗನಿಗೆ ಏನಾದರೂ ಆದರೆ ಯಾರು ಹೊಣೆ ಎಂದು ಗಂಡಿನ ತಾಯಿ ಎದೆ ಬಡಿದುಕೊಂಡಳು. ಹೆಣ್ಣನ್ನು ಇಲ್ಲೇ ಬಿಟ್ಟು ಹೋಗುತ್ತೇವೆ ಎಂದರು. ಗೌಡರು ನೇರ ನಮ್ಮ ಹಂಡೆಯ ಮುಂದೆ ಬಂದು ನಿಂತರು.

"ಏನಪ್ಪ, ನಿನ್ ಬಟ್ಟಲು ಸುಳ್ಳೋ, ಅವರ ಗಡಿಯಾರ ಸುಳ್ಳೋ? ಹೇಳು."

ಅಜ್ಜ ಒಮ್ಮೆ ಬಟ್ಟಲನ್ನು ನೋಡಿದ. ಒಮ್ಮೆ ನನ್ನನ್ನು ನೋಡಿದ. ಈಗ ಹೇಳುತ್ತಾನೆ, ಸುಣ್ಣ ಕಟ್ಟಿದೆ, ನನ್ನ ಮೊಮ್ಮಗಳು ಮೊದಲೇ ಕಂಡುಹಿಡಿದಿದ್ದಳು ಎನ್ನುತ್ತಾನೆ ಅಂತ ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಹುಚ್ಚು ಮುಂಡೇದು ನಾನು.

"ಬಟ್ಟಲು ಯಾವತ್ತೂ ಸುಳ್ಳಾಡಿಲ್ಲ ಗೌಡ್ರೇ. ಮೈಲಿಗೆ ತಗುಲೈತೆ. ಈ ಹುಡುಗಿ ಬೆಳಿಗ್ಗೆ ದೊಡ್ಡಾಕಿ ಆಗ್ಯಾಳೆ. ತಿಳೀದೆ ಮುಟ್ಟಿಬಿಟ್ಟಾಳೆ. ನನಗೆ ಈಗ ಗೊತ್ತಾತು."

ನನಗೆ ಹನ್ನೆರಡು ವರ್ಷ. ಅಂಥದ್ದೇನೂ ಆಗಿರಲಿಲ್ಲ. ಇಲ್ಲ ಎಂದು ಹೇಳಲು ಬಾಯಿ ತೆರೆದೆ, ಹಂಡೆಯ ಮುಂದೆ ಮಾತಾಡಬಾರದು ಎಂದು ಅಜ್ಜ ಬೆರಳೆತ್ತಿದ. ಚಪ್ಪರದ ಗಂಡಸರೆಲ್ಲ ನನ್ನ ಲಂಗದ ಕಡೆ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ವಿಚಿತ್ರ ನೋಡಿ, ಅಷ್ಟು ಹೊತ್ತು ಕೊತಕೊತ ಕುದಿಯುತ್ತಿದ್ದ ಜನ ಒಂದೇ ಮಾತಿಗೆ ತಣ್ಣಗಾದರು. ಮೈಲಿಗೆಯೇ? ಅಷ್ಟೇನಾ? ಅದಕ್ಕೆ ಶಾಂತಿ ಮಾಡಿಸಿದರಾಯಿತು, ಲಗ್ನಕ್ಕೆ ದೋಷವಿಲ್ಲ ಎಂದರು ಪಂಚಾಂಗದವರು. ಗಂಡಿನ ತಾಯಿ ಕಣ್ಣೊರೆಸಿಕೊಂಡು ನನ್ನ ಕೆನ್ನೆ ಸವರಿ ನೆಟಿಕೆ ಮುರಿದಳು. ಸುಣ್ಣ ಎಂದಿದ್ದರೆ ಯಾರೂ ಕ್ಷಮಿಸುತ್ತಿರಲಿಲ್ಲ. ಎಲ್ಲರೂ ಊಟಕ್ಕೆ ಕೂತರು. ನನ್ನನ್ನು ಮಾತ್ರ ಹಿಂದಿನ ಓಣಿಯಿಂದ ಮನೆಗೆ ಕರೆದೊಯ್ದರು.

ಅವ್ವನಿಗಾದರೂ ನಿಜ ಗೊತ್ತು, ನನ್ನ ಬಟ್ಟೆ ಒಗೆಯುವವಳು ಅವಳೇ. ಹೊಸ್ತಿಲ ಹೊರಗೇ ನಿಂತು ಅವಳ ಕಾಲು ಹಿಡಿದುಕೊಂಡೆ.

"ಅವ್ವಾ, ನನಗೇನೂ ಆಗಿಲ್ಲ. ನೀನೇ ನೋಡು. ಅಜ್ಜ ಸುಳ್ಳು ಹೇಳ್ದ."

ಅವ್ವ ಬಗ್ಗಿ ನನ್ನ ಕೈ ಬಿಡಿಸಿದಳು.

"ಗೊತ್ತೈತೆ. ಸುಮ್ನಿರು. ಬಟ್ಟಲು ಕೆಟ್ಟೈತೆ ಅಂದ್ರೆ ಇನ್ಯಾರು ನಿಮ್ಮಜ್ಜನ್ನ ಕರೀತಾರೆ? ಈ ವಯಸ್ನಾಗೆ ಅವರ ತಲೆ ತಗ್ಗಿಸ್ತೀಯಾ? ಇವತ್ತಲ್ಲ ನಾಳೆ ಆಗೋದೇ ಅಲ್ಲೇನು."

ಸುಳ್ಳು ಹೇಳಿದ ಮೇಲೆ ಅದಕ್ಕೆ ತಕ್ಕ ಶಾಸ್ತ್ರವೂ ಆಗಬೇಕಲ್ಲ. ಸಂಜೆಗೆ ನನ್ನ ಸೋದರಮಾವ ಹೊಂಗೆ ಸೊಪ್ಪು, ಅತ್ತಿ ಸೊಪ್ಪು ತಂದು ಅಂಗಳದ ಮೂಲೆಯಲ್ಲಿ ಗುಡ್ಲು ಹಾಕಿದ. ಒಂಬತ್ತು ದಿನ ಅದರೊಳಗೆ. ಮೆಂತ್ಯದ ಮುದ್ದೆ, ಕೊಬ್ಬರಿ ಬೆಲ್ಲ, ಎಳ್ಳು ಚಿಗಳಿ ತಿನ್ನಿಸಿದರು. ಸಂಜೆಯಾದರೆ ಓಣಿಯ ಹೆಂಗಸರೆಲ್ಲ ಬಂದು ಅರಿಶಿನ ಹಚ್ಚಿ ಹಾಡು ಹೇಳಿ ಆರತಿ ಎತ್ತುತ್ತಿದ್ದರು. ಹೊಟ್ಟೆ ನೋವು ಐತೇನೇ ಎಂದು ಕಿಚಾಯಿಸುತ್ತಿದ್ದರು. ಏನೂ ಆಗದವಳು ಹೌದು ಎಂದು ತಲೆ ಆಡಿಸಬೇಕಿತ್ತು. ಪರೀಕ್ಷೆಗಾದರೂ ಬಿಡಿ, ಬರೆದು ಬಂದು ಮತ್ತೆ ಕೂರುತ್ತೇನೆ ಎಂದು ಅವ್ವನನ್ನು ಬೇಡಿಕೊಂಡೆ. ಗುಡ್ಲು ಬಿಟ್ಟು ಬಸ್ಸು ಹತ್ತಿದರೆ ಊರು ಏನಂದೀತು ಎಂದಳು. ಅಜ್ಜ ನನ್ನೆದುರಿಗೆ ಸುಳಿಯಲೇ ಇಲ್ಲ.

ನನಗೆ ಇದ್ದ ಕೊನೆಯ ಆಸೆ ಮೇಷ್ಟ್ರು. ಶನಿವಾರ ಮಧ್ಯಾಹ್ನ ಅವರು ಹಾಲ್ ಟಿಕೆಟ್ ಹಿಡಿದುಕೊಂಡು ಬಂದರು. ಸೊಪ್ಪಿನ ಸಂದಿಯಿಂದ ಅವರ ಚಪ್ಪಲಿ ಕಂಡಿತು. ಇವರು ವಿಜ್ಞಾನ ಓದಿದವರು, ಮುಟ್ಟು ಎಂದರೆ ಮೈಯ ಕೆಲಸ, ಪಾಪವಲ್ಲ ಎಂದು ತರಗತಿಯಲ್ಲಿ ಗಂಟಲು ಸರಿಮಾಡಿಕೊಂಡು ಹೇಳಿದವರು. ನಾನು ಒಳಗಿನಿಂದಲೇ ಕೂಗಿದೆ.

"ಸಾರ್! ನಾನು ಬರ್ತೀನಿ ಸಾರ್! ಕರ್ಕಂಡ್ ಹೋಗ್ರಿ!"

ಅವ್ವ ಮೆತ್ತಗೆ ವಿಷಯ ಹೇಳಿದಳು. ಆ ಚಪ್ಪಲಿಗಳು ಥಟ್ಟನೆ ಎರಡು ಹೆಜ್ಜೆ ಹಿಂದಕ್ಕೆ ಸರಿದವು.

"ಓಹೋ, ಹಂಗಾ... ನಮ್ಮನೇಲಿ ಇವತ್ತು ಪೂಜೆ ಬೇರೆ ಐತೆ. ಇರ್ಲಿ ಬಿಡ್ರಮ್ಮ, ಏನ್ ಮಾಡಾಕಾಗ್ತೈತೆ."

ಹಾಲ್ ಟಿಕೆಟ್ಟನ್ನು ಕೊಡಲೂ ಇಲ್ಲ, ಮಡಿಚಿ ಜೇಬಿಗೆ ಹಾಕಿಕೊಂಡು ನಡೆದರು. ಥೂ! ಇವತ್ತಿಗೂ ಪ್ರಯೋಗಾಲಯಗಳಲ್ಲಿ ಯಂತ್ರಕ್ಕೆ ನಿಂಬೆಹಣ್ಣು ಕಟ್ಟುವ ಪ್ರೊಫೆಸರುಗಳನ್ನು ಕಂಡರೆ ನಗು ಬರುತ್ತದೆ, ಕೋಪ ಬರುವುದಿಲ್ಲ. ಆ ಎರಡು ಹೆಜ್ಜೆ ನೆನೆದರೆ ಮಾತ್ರ ಮೈ ಉರಿಯುತ್ತದೆ.

ಭಾನುವಾರ ಚಿತ್ರದುರ್ಗದ ಬಸ್ಸು ನಮ್ಮೂರ ದಾರಿಯಲ್ಲಿ ಹಾರ್ನ್ ಹೊಡೆದು ಹೋದದ್ದು ಗುಡ್ಲಿನೊಳಗೆ ಕೇಳಿಸಿತು. ಆ ಮಧ್ಯಾಹ್ನ ಅಂಗಳದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅಜ್ಜ ಬಂದ. ಸೊಪ್ಪಿನ ಗೋಡೆಗೆ ಬೆನ್ನು ಕೊಟ್ಟು ಕೂತ. ಬಹಳ ಹೊತ್ತು ಕೆಮ್ಮಿದ. ತಪ್ಪಾಯಿತು ಎನ್ನುತ್ತಾನೆ ಎಂದುಕೊಂಡೆ.

"ಸಿದ್ದಿ, ಹುಣಸೆಹುಳಿಯಾಗೆ ಎಷ್ಟೊತ್ತು ನೆನೆ ಹಾಕ್ಬೇಕು ಅಂದಿದ್ದೆ?"

ಸುಳ್ಳು ಹೇಳಬಹುದಿತ್ತು. ದಬ್ಬಣ ಹಾಕಿ ತೂತು ಬಿಡಿಸು ಎಂದಿದ್ದರೆ ಮುಗಿಯುತ್ತಿತ್ತು, ಬಟ್ಟಲು ಶಾಶ್ವತವಾಗಿ ಹಾಳಾಗುತ್ತಿತ್ತು. ನಾಲಗೆಯ ತುದಿಗೆ ಬಂದಿತ್ತು. ಆದರೆ ಅಳತೆಯ ವಿಷಯದಲ್ಲಿ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ, ಹಾಗೆ ಬೆಳೆಸಿದವನು ಅವನೇ.

"ಒಂದು ಹಗಲು, ಒಂದು ರಾತ್ರಿ. ತಿಕ್ಕಬ್ಯಾಡ. ನೀರಾಗೆ ಜಾಲಾಡು ಸಾಕು," ಎಂದೆ.

"ಹೂಂ," ಎಂದು ಎದ್ದು ಹೋದ.

ಒಂಬತ್ತನೆಯ ದಿನ ಗುಡ್ಲು ಸುಟ್ಟರು, ನನಗೆ ತಲೆಗೆ ಎರೆದು ಸೀರೆ ಉಡಿಸಿದರು, ಬಟ್ಟಲಿಗೆ ಶಾಂತಿ ಮಾಡಿಸಿದರು. ಆಮೇಲೆ ಗೌಡರೇ ಗಡಿಯಾರ ತರಿಸಿ ಊರೆಲ್ಲರ ಮುಂದೆ ಪರೀಕ್ಷೆ ಮಾಡಿಸಿದರು. ಬಟ್ಟಲು ಇಪ್ಪತ್ತನಾಲ್ಕು ನಿಮಿಷಕ್ಕೆ ಸರಿಯಾಗಿ ಮುಳುಗಿತು. ನೋಡಿದ್ರಾ, ಮೈಲಿಗೆ ಕಳೀತು ಎಂದು ಜನ ಕೈ ಮುಗಿದರು. ಅಜ್ಜನೂ ಮುಗಿದ. ಅವನ ಹೆಸರು ಹೊಳಲ್ಕೆರೆಯವರೆಗೂ ಹಬ್ಬಿತು, ಸಾಯುವವರೆಗೂ ಮದುವೆಗಳಿಗೆ ಹೋದ. ಬಟ್ಟಲು ಬಿಡುವಾಗ ಪಕ್ಕದಲ್ಲಿ ದೊಡ್ಡಪ್ಪನ ಮಗನನ್ನು ಕೂರಿಸಿಕೊಂಡ. ನಾನು ಕುರಿ ಹಿಂದೆ ಹೋದೆ. ಹತ್ತನೆಯದನ್ನು ಮದುವೆಯಾದ ಮೇಲೆ ಮನೆಯಲ್ಲೇ ಓದಿ ಕಟ್ಟಿದ್ದು, ಪ್ರಯೋಗಾಲಯದಲ್ಲಿ ಸಾಮಾನು ತೊಳೆಯುವ ಕೆಲಸ ಸಿಕ್ಕಿದ್ದು ಎಲ್ಲ ಎಷ್ಟೋ ವರ್ಷಗಳ ಮೇಲಿನ ಮಾತು.

ನಿಜವಾಗಿ ನಾನು ದೊಡ್ಡವಳಾದದ್ದು ಅದಾಗಿ ಎರಡು ವರ್ಷಕ್ಕೆ, ರೊಪ್ಪದಲ್ಲಿ ಕುರಿಗೆ ಸೊಪ್ಪು ಹಾಕುತ್ತಿದ್ದಾಗ. ಹೊಟ್ಟೆ ಹಿಂಡಿತು, ಲಂಗ ಒದ್ದೆಯಾಯಿತು. ಹೆದರಿ ಅವ್ವನ ಹತ್ತಿರ ಓಡಿದೆ. ಅವಳು ಕೈಯಲ್ಲಿದ್ದ ಹಿಟ್ಟು ಒರೆಸಿಕೊಂಡು, ಬಾಗಿಲು ಮುಂದೆ ಮಾಡಿ, ಹಳೆಯ ಸೀರೆಯ ತುಂಡೊಂದನ್ನು ಹರಿದು ನನ್ನ ಕೈಗಿಟ್ಟಳು. ಅವಳ ಮುಖದಲ್ಲಿ ಸಂತೋಷವಿರಲಿಲ್ಲ, ಹೆದರಿಕೆಯಿತ್ತು.

"ಅಳಬ್ಯಾಡ, ಅಳಬ್ಯಾಡ. ಯಾರಿಗೂ ಹೇಳಬ್ಯಾಡ," ಎಂದಳು. "ನಿನಗೆ ಇದು ಆಗಿ ಎರಡು ವರ್ಷ ಆತು."